ಸಂಡೂರು ದಾರಿಯ ನರ್ಸರಿ: ಗಣಿ ದಿಬ್ಬಕ್ಕೆ ಯಾವ ಸಸಿ ಒಯ್ಯಬಹುದು?

ಅದಿರು ಗಣಿಯ ಮಣ್ಣಿನ ದಿಬ್ಬಕ್ಕೆ ಈ ಕಡೆಯ ಕಾಡುಜಾತಿ ಸಸಿ ಬೇಕಿದ್ದರೆ ಈ ನರ್ಸರಿ ಪರವಾಗಿಲ್ಲ. ಆದರೆ ಒಂದೆರಡು ಚೀಲ ಹರಿದು ಬೇರು ನೋಡದೆ ಲೋಡ್ ಮಾಡಿಸಬೇಡಿ. ಹೊಂಗೆ, ಬೇವು, ಕಗ್ಗಲಿ ಗಟ್ಟಿಯಾಗಿವೆ. ಒಣಕಾಡಿನ ಮರವಾದ ಕಮರದ ಸಸಿ ಮಾತ್ರ ಬೇಡ. ಗೇಣುದ್ದದ ಚೀಲದಲ್ಲಿ ಎರಡು ವರ್ಷ ಕೂತು ತಾಯಿಬೇರು ತಳದಲ್ಲಿ ಜಿಲೇಬಿಯಂತೆ ಸುತ್ತಿಕೊಂಡಿದೆ. ನೆಟ್ಟರೂ ಆಳಕ್ಕಿಳಿಯದೆ ಬೇಸಿಗೆಗೆ ಒಣಗುತ್ತದೆ. ಕಮರದ ಬೀಜವನ್ನೇ ಮೊದಲ ಹದಮಳೆಗೆ ಗುಂಡಿಗೆ ಮೂರರಂತೆ ಊರುವುದು ಲೇಸು. ಒಣಗುಡ್ಡದ ಪೊದೆಗಿಡವಾದ ಬಂದರಿಕೆಯ ಬೀಜ ಕೇಳಿದರೆ ಕೊಡುತ್ತಾರೆ. ಸಿಪ್ಪೆ ಗಟ್ಟಿ, ಬಿಸಿನೀರಲ್ಲಿ ಅದ್ದದೆ ಸರಿಯಾಗಿ ಮೊಳೆಯದು. ಇಳಿಜಾರಿಗೆ ಚೆಲ್ಲಿ, ಮೇಲೆ ತೆಂಗಿನ ನಾರಿನ ಬಲೆ ಹಾಸಿ ಗೂಟ ಹೊಡೆಯಿರಿ. ಇಲ್ಲವಾದರೆ ಒಂದೇ ಮಳೆಗೆ ಬೀಜವೆಲ್ಲ ಹಳ್ಳ ಸೇರುತ್ತದೆ. ಬಿಲ್ ಸರಿಯಾಗಿ ಕೊಡುತ್ತಾರೆ, ಸತ್ತ ಸಸಿ ಬದಲಿಸಿಕೊಡುವುದಿಲ್ಲ.