ಸೂಟ್‌ಕೇಸ್ ಪ್ಲೇಯರ್, ಬೆಲ್ಟ್ ಪ್ಲೇಯರ್, ಕಾಕಾನ ಹಳೇ ಡಬ್ಬಿ: ಅಪ್ಪನ ಪೇಟಿಗೆ ಕೂಡಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಈಗ ದಿನಾ ಓಡುವುದು ಆಡಿಯೋ-ಟೆಕ್ನಿಕಾದ ಎಲ್‌ಪಿ60ಎಕ್ಸ್. ಬೆಲ್ಟ್‌ನಿಂದ ತಿರುಗುವ ಸಾದಾ ರೆಕಾರ್ಡ್ ಪ್ಲೇಯರ್. ಅದಕ್ಕೂ ಮೊದಲು ₹6,500 ಕೊಟ್ಟು ಒಂದು ಸೂಟ್‌ಕೇಸ್ ಪ್ಲೇಯರ್ ತರಿಸಿದ್ದೆ. ಆ ದುಡ್ಡು ನೀರಿಗೆ ಹೋಯಿತು. ರೆಕಾರ್ಡ್ ಹಾಕಬೇಕು ಅಂತ ಆಸೆ ಇರುವವರು ಕೊಳ್ಳುವ ಮೊದಲು ಇದನ್ನೊಮ್ಮೆ ಓದಲಿ ಅಂತ ಬರೆಯುತ್ತಿದ್ದೇನೆ.

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಪ್ಪನ ಅರವತ್ತು ಚಿಲ್ಲರೆ ಎಲ್‌ಪಿ, ಅಂದರೆ ದೊಡ್ಡ ಪ್ಲಾಸ್ಟಿಕ್ (ವಿನೈಲ್) ರೆಕಾರ್ಡ್, ಇದ್ದವು. ಹೆಚ್ಚಿನವು ಖಯಾಲ್ (ಹಿಂದೂಸ್ತಾನಿ ಗಾಯನ), ಒಂದಿಷ್ಟು ನಾಟ್ಯಗೀತೆ, ವಚನ. ಅಪ್ಪ ನಿವೃತ್ತರಾದ ಮೇಲೆ ಸಂಜೆ ಪೇಟಿ (ಹಾರ್ಮೋನಿಯಂ) ಹಿಡಿದು ಕೂರುತ್ತಾರೆ. ಹಿಂದೆಲ್ಲ ರೆಕಾರ್ಡ್ ಹಾಕಿ, ಅದರ ಜೊತೆಗೇ ಬಾರಿಸುತ್ತಿದ್ದರಂತೆ. ಮತ್ತೆ ಹಾಗೆ ಬಾರಿಸಲಿ ಅನ್ನುವುದೇ ನನ್ನ ಆಸೆ. ನನಗೆ ಬೇಕಿದ್ದದ್ದು ಅಷ್ಟೇ.

ಈಗ ಪ್ಲೇಯರ್‌ಗಳಿಗೆ ಬರ ಇಲ್ಲ. ಜಗತ್ತೇ ಮತ್ತೆ ರೆಕಾರ್ಡ್ ಕಡೆ ತಿರುಗಿದೆ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ ರೆಕಾರ್ಡ್ ಮಾರಾಟವಾದರೆ ಸಿಡಿ ಹೋಗಿದ್ದು 3.3 ಕೋಟಿ. 1987ರ ನಂತರ ರೆಕಾರ್ಡ್ ಸಿಡಿಯನ್ನು ಎಣಿಕೆಯಲ್ಲಿ ದಾಟಿದ್ದು ಅದೇ ಮೊದಲು. ಆ ಅಲೆಯ ಬೆನ್ನಿಗೇ ಈ ಬಣ್ಣಬಣ್ಣದ ಸೂಟ್‌ಕೇಸ್ ಪ್ಲೇಯರ್‌ಗಳೂ ಬಂದವು. ನೋಡಲು ಚೆಂದ. ಸ್ಪೀಕರ್ ಒಳಗೇ ಇದೆ, ಬ್ಲೂಟೂತ್ ಇದೆ, ನಿಮಿಷಕ್ಕೆ 33, 45, 78 ಸುತ್ತಿನ ಮೂರೂ ವೇಗ ಇವೆ. ನಾನೂ ಅದಕ್ಕೇ ಮರುಳಾದೆ.

ಮೊದಲ ಸಂಜೆ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಎಲ್‌ಪಿ ಹಾಕಿದೆವು. ಅವರು ನಮ್ಮ ಪಕ್ಕದ ಸುಳೇಭಾವಿಯಲ್ಲೇ ಹುಟ್ಟಿದವರು, ಹಾಗಾಗಿ ಮನೆಯಲ್ಲಿ ಅವರಿಗೇ ಮೊದಲ ಮಣೆ. ತಂಬೂರಿ ಶುರುವಾಯಿತು. ಅಪ್ಪ ಭಾತೆ (ಪೇಟಿಯ ತಿದಿ) ಒತ್ತುತ್ತ ಸಾ ಹುಡುಕಿದರು. ಒಂದು ಬಿಳಿ ಮನೆ (ಕೀಲಿ) ಒತ್ತಿದರು, ಬಿಟ್ಟರು. ಪಕ್ಕದ ಕಪ್ಪು ಮನೆ ಒತ್ತಿದರು, ಅದನ್ನೂ ಬಿಟ್ಟರು. ಮತ್ತೆ ಬಿಳಿಗೆ ಬಂದರು. ಕೊನೆಗೆ ಪೇಟಿ ನಿಲ್ಲಿಸಿ, "ಸಾ ಎರಡು ಮನಿ ನಡುವ ಕುಂತೈತಿ ನೋಡು. ನಾ ಎಲ್ಲಿ ಬಾರಸ್ಲಿ?" ಅಂದರು.

ನನಗೆ ಮೊದಲು ಪೇಟಿಯ ಮೇಲೇ ಅನುಮಾನ ಬಂತು. ಹಳೇ ಪೇಟಿ, ಸ್ವರ ಇಳಿದಿರಬಹುದು ಅಂದುಕೊಂಡೆ. ಫೋನಿನಲ್ಲಿ ತಂಬೂರಿ ಹಚ್ಚಿ ನೋಡಿದರೆ ಪೇಟಿ ಸರಿಯಾಗೇ ಕೂಡಿತು. ಆಗ ಪ್ಲೇಯರ್‌ನ ವೇಗವನ್ನೇ ಎಣಿಸೋಣ ಅನ್ನಿಸಿತು. ಇದಕ್ಕೆ ಯಾವ ಉಪಕರಣವೂ ಬೇಡ. ಎಲ್‌ಪಿ ನಿಮಿಷಕ್ಕೆ 33 ಮತ್ತು ಮೂರನೇ ಒಂದು ಸುತ್ತು ತಿರುಗಬೇಕು. ಅಂದರೆ ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು. ನಡುವಿನ ಲೇಬಲ್ ಮೇಲೆ ಒಂದು ಚೂರು ಕಾಗದ ಇಟ್ಟು, ಫೋನಿನಲ್ಲಿ ಮೂರು ನಿಮಿಷ ಹಚ್ಚಿ ಎಣಿಸಿದೆ. 104 ಬಂತು. ಮತ್ತೊಮ್ಮೆ ಎಣಿಸಿದೆ. ಮತ್ತೆ 104.

ನೂರಕ್ಕೆ ನಾಲ್ಕು ತಾನೇ ಅಂತ ಬಿಡುವ ಹಾಗಿಲ್ಲ. ಪೇಟಿಯಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರವೇ ಸುಮಾರು ನೂರಕ್ಕೆ ಆರು. ನಾಲ್ಕು ಹೆಚ್ಚಾದರೆ ಸ್ವರ ಒಂದು ಮನೆ ಬಿಟ್ಟು ಇನ್ನೊಂದನ್ನು ಮುಟ್ಟದೆ ನಡುವೆಯೇ ನಿಲ್ಲುತ್ತದೆ. ಅಪ್ಪ ಹೇಳಿದ್ದು ಅಕ್ಷರಶಃ ಸರಿ ಇತ್ತು. ಇಪ್ಪತ್ತು ನಿಮಿಷದ ಬದಿ ಮುಕ್ಕಾಲು ನಿಮಿಷ ಮೊದಲೇ ಮುಗಿಯುತ್ತದೆ. ಕಂಠ ತೆಳ್ಳಗಾಗುತ್ತದೆ, ವಿಲಂಬಿತದ ನಿಧಾನವೂ ಕೆಡುತ್ತದೆ. ಸಿನಿಮಾ ಹಾಡು ಕೇಳುವವರಿಗೆ ಬಹುಶಃ ಗೊತ್ತೂ ಆಗಲಿಕ್ಕಿಲ್ಲ. ಪೇಟಿ ಹಿಡಿದು ಕೂತವರಿಗೆ ಮೊದಲ ಸಾ ದಾಟುವುದೇ ಆಗುವುದಿಲ್ಲ.

ಮಾರಿದವರಿಗೆ ಫೋನ್ ಮಾಡಿದೆ. "ತಿರುಗ್ತಾ ಇದೆ ಅಲ್ವಾ ಸರ್, ಹಾಗಾದ್ರೆ ಸರಿ ಇದೆ" ಅಂದರು. ವಾಪಸ್ ತಗೊಳ್ಳಲಿಲ್ಲ. ರೇಡಿಯೋ ರಿಪೇರಿ ಮಾಡುವ ಪರಿಚಯದ ಮಾಮಾ ಒಬ್ಬರಿದ್ದಾರೆ, ಅವರ ಹತ್ತಿರ ಒಯ್ದೆ. ಅವರು ತಳ ಬಿಚ್ಚಿ ಮೋಟಾರಿನ ಹಿಂದಿನ ಸಣ್ಣ ತೂತು ತೋರಿಸಿದರು. ಒಳಗೊಂದು ತಿರುಪು. ಗಡಿಯಾರ ರಿಪೇರಿಯ ಸ್ಕ್ರೂಡ್ರೈವರ್‌ನಿಂದ ಕೂದಲೆಳೆಯಷ್ಟು ತಿರುಗಿಸಿದರೆ ಐದಾರು ಸುತ್ತು ವ್ಯತ್ಯಾಸ. ಅರ್ಧ ತಾಸು ತಿರುಗಿಸಿ, ಎಣಿಸಿ, ಮತ್ತೆ ತಿರುಗಿಸಿ, ನೂರಕ್ಕೆ ತಂದರು. ಖುಷಿಯಿಂದ ಮನೆಗೆ ಬಂದೆ. ಮೊದಲ ಬದಿ ಚೆನ್ನಾಗಿ ಬಂತು. ಎರಡನೇ ರೆಕಾರ್ಡ್ ಹಾಕುವ ಹೊತ್ತಿಗೆ ಮೋಟಾರ್ ಬಿಸಿಯಾಗಿ ಎಣಿಕೆ 102ಕ್ಕೆ ಹೋಗಿತ್ತು. ಅಪ್ಪ ಏನೂ ಅನ್ನಲಿಲ್ಲ, ಪೇಟಿಯ ಮುಚ್ಚಳ ಹಾಕಿದರು. ಅವತ್ತೇ ನಾನು ಬೇರೆ ತರುವುದು ಅಂತ ನಿರ್ಧಾರ ಮಾಡಿದೆ.

ಇನ್ನೊಂದು ತೊಂದರೆ ಮುಳ್ಳಿನದು. ಇಂಥ ಸೂಟ್‌ಕೇಸ್‌ಗಳಲ್ಲಿ ಹೆಚ್ಚಾಗಿ ಸೆರಾಮಿಕ್ ಕಾರ್ಟ್ರಿಜ್ (ಮುಳ್ಳು ಕೂರಿಸಿದ ಸಣ್ಣ ಭಾಗ) ಇರುತ್ತದೆ. ಮುಳ್ಳು ಐದಾರು ಗ್ರಾಂ ಭಾರದಿಂದ ರೆಕಾರ್ಡಿನ ಗೀರಿನ ಮೇಲೆ ಕೂರುತ್ತದೆ. ಎಲ್‌ಪಿ60ಎಕ್ಸ್‌ನಲ್ಲಿ ಇರುವುದು ಮ್ಯಾಗ್ನೆಟ್ ಕಾರ್ಟ್ರಿಜ್, ಭಾರ ಸುಮಾರು ಅದರ ಅರ್ಧ. ಐವತ್ತು ವರ್ಷ ಉಳಿದುಬಂದ ರೆಕಾರ್ಡಿನ ಮೇಲೆ ದಿನಾ ಅಷ್ಟು ಭಾರ ಹೇರಲು ನನಗೆ ಮನಸ್ಸಿಲ್ಲ.

ಎಲ್‌ಪಿ60ಎಕ್ಸ್‌ಗೆ ನಾನು ಕೊಟ್ಟದ್ದು ₹17,000. ಬಂದ ದಿನವೇ ಕಾಗದದ ಚೂರು ಇಟ್ಟು ಎಣಿಸಿದೆ. ನೂರು ಸುತ್ತು ಮುಗಿದಾಗ 2 ನಿಮಿಷ 59 ಸೆಕೆಂಡ್. ಎರಡು ತಾಸು ಓಡಿಸಿದ ಮೇಲೂ ಅಷ್ಟೇ. ಅದೇ ಎಲ್‌ಪಿ ಹಾಕಿದೆ. ಅಪ್ಪ ಒಂದು ಮನೆ ಒತ್ತಿದರು, ಅಲ್ಲೇ ಕೂತರು.

ಸ್ಪೀಕರ್ ಬೇರೆ ಬೇಕು. ನಮ್ಮಲ್ಲಿ ಕಂಪ್ಯೂಟರಿನ ಹಳೇ ಸ್ಪೀಕರ್ ಇತ್ತು, ಪ್ಲೇಯರ್‌ನ ಹಿಂದಿನ ಸ್ವಿಚ್ಚನ್ನು ಲೈನ್ ಕಡೆ ಹಾಕಿ ಅದಕ್ಕೇ ಜೋಡಿಸಿದೆ. ಗುಂಡಿ ಒತ್ತಿದರೆ ಮುಳ್ಳಿನ ಕೈ ತಾನೇ ಎದ್ದು ಹೋಗಿ ಕೂರುತ್ತದೆ, ಬದಿ ಮುಗಿದರೆ ತಾನೇ ವಾಪಸ್ ಬರುತ್ತದೆ. ಅಪ್ಪನ ಕೈ ಈಗ ಸ್ವಲ್ಪ ನಡುಗುತ್ತದೆ, ಹಾಗಾಗಿ ಇದೊಂದೇ ಕಾರಣಕ್ಕೂ ನಾನು ಇದನ್ನೇ ಆರಿಸುತ್ತಿದ್ದೆ.

ಆದರೆ ಇದರಲ್ಲಿ 78, ಅಂದರೆ ಆ ವೇಗದಲ್ಲಿ ತಿರುಗುವ ಹಳೇ ಅರಗಿನ ರೆಕಾರ್ಡ್, ಓಡುವುದಿಲ್ಲ. ಅಲ್ಲಿ ಕಾಕಾನ ಡಬ್ಬಿ ಕೆಲಸಕ್ಕೆ ಬಂತು. ಬೈಲಹೊಂಗಲದ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಪ್ಲೇಯರ್ ಅದು. ರಬ್ಬರ್ ಚಕ್ರ ಕಲ್ಲಾಗಿತ್ತು. ಅದೇ ಮಾಮಾ ಹೊಸ ರಬ್ಬರ್ ಹಾಕಿ, ಎಣ್ಣೆ ಬಿಟ್ಟು, ₹1,200ಕ್ಕೆ ಎಬ್ಬಿಸಿಕೊಟ್ಟರು. ಅದರ ಮುಳ್ಳಿಗೆ ಎರಡು ಮುಖ, ಒಂದು ಎಲ್‌ಪಿಗೆ, ಇನ್ನೊಂದು 78ಕ್ಕೆ. 78ರ ಗೀರು ಎಲ್‌ಪಿಯದಕ್ಕಿಂತ ಬಹಳ ಅಗಲ, ಎಲ್‌ಪಿ ಮುಳ್ಳು ಅದರ ತಳಕ್ಕೆ ಬಿದ್ದು ಬರೀ ಗರಗರ ಅನ್ನುತ್ತದೆ. ಸೂಟ್‌ಕೇಸ್‌ನಲ್ಲಿ 78 ವೇಗವೇನೋ ಇತ್ತು, ಅದಕ್ಕೆ ತಕ್ಕ ಮುಳ್ಳು ಮಾತ್ರ ಇರಲಿಲ್ಲ. ಕಾಕಾನ ಡಬ್ಬಿಯ ಗುಂಯ್ ಸದ್ದು ಹೋಗಿಲ್ಲ. ಮೂರು ನಿಮಿಷದ ಅರಗಿನ ರೆಕಾರ್ಡಿಗೆ ಅದು ನಡೆಯುತ್ತದೆ.

ನಮ್ಮೂರ ಮಳೆ ಗೊತ್ತಲ್ವಾ, ಜೂನ್‌ನಿಂದ ಗೋಡೆಯೇ ಬೆವರುತ್ತದೆ. ರೆಕಾರ್ಡ್ ಕವರಿಗೂ ಬೂಷ್ಟು ಹಿಡಿಯುತ್ತದೆ. ಎಲ್‌ಪಿಯನ್ನು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಒರೆಸುತ್ತೇನೆ. 78ಕ್ಕೆ ಮಾತ್ರ ಸ್ಪಿರಿಟ್ ಮುಟ್ಟಿಸಬೇಡಿ, ಅರಗು ಕರಗಿಬಿಡುತ್ತದೆ.

ಕೈಯಲ್ಲಿ ಆರೇಳು ಸಾವಿರ ಮಾತ್ರ ಇದ್ದರೆ? ನಾನಾದರೆ ಸೂಟ್‌ಕೇಸ್ ತರುವುದಿಲ್ಲ. ಮನೆಯಲ್ಲೋ ನೆಂಟರಲ್ಲೋ ಹಳೇ ಪ್ಲೇಯರ್ ಹುಡುಕಿ ರಿಪೇರಿ ಮಾಡಿಸುತ್ತೇನೆ, ಉಳಿದದ್ದನ್ನು ಕೂಡಿಡುತ್ತೇನೆ. ಹೊಸ ರೆಕಾರ್ಡ್ ಕೊಳ್ಳುವವರು ಆ ಖರ್ಚನ್ನೂ ಲೆಕ್ಕ ಹಾಕಬೇಕು. ನಮಗೆ ಟ್ರಂಕೇ ಸಾಕು.

ಬೆಲ್ಟ್ ಪ್ಲೇಯರ್‌ನ ಮುಳ್ಳು ಸುಮಾರು 400 ತಾಸಿಗೆ ಬದಲಿಸಬೇಕು ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ಪಕ್ಕದಲ್ಲೊಂದು ಸಣ್ಣ ವಹಿ ಇದೆ. ಪ್ರತಿ ಬದಿಗೆ ಅಪ್ಪ ಒಂದು ಗೆರೆ ಎಳೆಯುತ್ತಾರೆ. ನಿನ್ನೆಯವರೆಗೆ 312 ಬದಿ ಆಗಿದೆ.