ನೀರಿನ ಟ್ಯಾಂಕ್ ತೊಳೆಯುವ ಮುನ್ನ ಇದನ್ನೊಮ್ಮೆ ಓದಿ

ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ) ಗಾಳಿಮಳೆಗೆ ಸಿಲ್ವರ್ ಓಕ್ ಮರದ ಕೊಂಬೆಯೊಂದು ಮುರಿದು ನಮ್ಮ ನೀರಿನ ಟ್ಯಾಂಕಿನ ಮೇಲೆ ಬಿತ್ತು. ಟ್ಯಾಂಕಿಗೇನೂ ಆಗಲಿಲ್ಲ, ಮುಚ್ಚಳ ಮಾತ್ರ ಸೀಳಿತು. ಖಾಲಿ ಗೊಬ್ಬರದ ಚೀಲ ಹೊದಿಸಿ ಹಗ್ಗ ಬಿಗಿದು ಬಂದೆವು. ಕುಡಿಯುವ ನೀರಿಗೆ ಗೊಬ್ಬರದ ಚೀಲ! ಈಗ ಬರೆಯಲೂ ನಾಚಿಕೆ. ಮಳೆ ಬಿಟ್ಟ ಮೇಲೆ ಹೊಸ ಮುಚ್ಚಳ ತಂದರಾಯಿತು ಎಂದುಕೊಂಡೆವು. ಕೊಡಗಿನಲ್ಲಿ ಆ ಮಾತಿಗೆ ಎಷ್ಟು ತಿಂಗಳ ವಾಯಿದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ.

ನಮ್ಮ ಮನೆ ಇರುವುದು ಮಾದಾಪುರದ ಕಡೆ. ತೋಟದ ಮೇಲಿನ ಒರತೆಯಿಂದ ಪೈಪಿನಲ್ಲಿ ನೀರು ಇಳಿದು, ಮನೆಯ ಹಿಂದಿನ ದಿಣ್ಣೆಯ ಮೇಲಿರುವ 5,000 ಲೀಟರ್ ಟ್ಯಾಂಕಿಗೆ ಬೀಳುತ್ತದೆ. ವಿದ್ಯುತ್ ವಾರಗಟ್ಟಲೆ ಇಲ್ಲದಿದ್ದರೂ ನಲ್ಲಿಯಲ್ಲಿ ನೀರು ಬರುತ್ತದೆ. ಬೆಂಗಳೂರಿನಿಂದ ಬಂದವರು ಒಂದು ಲೋಟ ಕುಡಿದು ಹೊಗಳಿದರೆ ನಾವು ಬೀಗುತ್ತಿದ್ದೆವು. ಒರತೆಯ ಸುತ್ತ ದನ ಸುಳಿಯದಂತೆ ಬೇಲಿ ಹಾಕಿದ್ದೆವು. ಟ್ಯಾಂಕಿನೊಳಗೆ ಇಣುಕಿ ಮೂರು ವರ್ಷವಾಗಿತ್ತು.

ಆಗಸ್ಟ್ ಕೊನೆಗೆ ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತು. ಮಳೆಗಾಲದ ಹೊಸ ನೀರಲ್ಲವೇ ಎಂದು ಸುಮ್ಮನಿದ್ದೆವು. ಸೆಪ್ಟೆಂಬರ್ ಮೊದಲ ವಾರದ ಕೊಡವರ ಆಯುಧ ಹಬ್ಬ ಕೈಲ್ ಮುಹೂರ್ತಕ್ಕೆ ನಾದಿನಿ ಮಕ್ಕಳೊಂದಿಗೆ ಬಂದಳು. ಮರುದಿನ ರಾತ್ರಿಯೇ ಇಬ್ಬರು ಮಕ್ಕಳಿಗೂ ವಾಂತಿ, ಭೇದಿ. ಹಂದಿ ಮಾಂಸ ಸರಿಯಾಗಿ ಬೆಂದಿರಲಿಲ್ಲ ಎಂದು ಹಬ್ಬದ ಅಡುಗೆಯ ಮೇಲೆ ಗೂಬೆ ಕೂರಿಸಿದೆವು. ಆದರೆ ಎರಡನೆಯ ದಿನ ಅತ್ತೆಯೂ ಹಾಸಿಗೆ ಹಿಡಿದರು. ಅವರು ಮಾಂಸ ಮುಟ್ಟುವವರೇ ಅಲ್ಲ. ಅವರು ಉಂಡದ್ದು ಅನ್ನ, ಸಾರು, ಮಜ್ಜಿಗೆ.

ಅಲ್ಲಿ ನನಗೆ ಹೊಳೆಯಿತು. ಕುಡಿಯುವ ನೀರನ್ನು ನಾವು ತಪ್ಪದೆ ಕುದಿಸುತ್ತೇವೆ. ಮಜ್ಜಿಗೆಗೆ ಬೆರೆಸುವುದು, ಚಟ್ನಿ ರುಬ್ಬುವುದು, ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದು ಮಾತ್ರ ನಲ್ಲಿಯ ಹಸಿ ನೀರಿನಲ್ಲಿ. ಆಶಾ ಕಾರ್ಯಕರ್ತೆ ನೀರಿನ ಪರೀಕ್ಷೆಗೆಂದು ಪುಟ್ಟ ಸೀಸೆಯೊಂದನ್ನು ಕೊಟ್ಟರು. ಗುರುತಿನ ತನಕ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು, ಮಲದಿಂದ ಬರುವ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುತ್ತದೆ. ನಮ್ಮ ಸೆಪ್ಟೆಂಬರ್ ಚಳಿಗೆ ಒಲೆಯ ಪಕ್ಕದ ಗೂಡಿನಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಶಾಯಿ ಸುರಿದಂತೆ ಕಪ್ಪು.

ನಮ್ಮವರು ದಿಣ್ಣೆ ಹತ್ತಿ ಚೀಲ ಸರಿಸಿದರು. ಕೊಳೆತ ಎಲೆಗಳ ನಡುವೆ ಒಂದು ಇಲಿ ಊದಿಕೊಂಡು ತೇಲುತ್ತಿತ್ತು. ಚೀಲದ ಸಂದಿಯಿಂದ ಹೋಯಿತೋ, ಜಾಲರಿಯೇ ಇಲ್ಲದ ಓವರ್‌ಫ್ಲೋ ಪೈಪಿನಿಂದ ನುಸುಳಿತೋ, ಯಾರಿಗೆ ಗೊತ್ತು.

ಇಷ್ಟಾದರೂ ಬುದ್ಧಿ ಬರಲಿಲ್ಲ. ಇಲಿಯನ್ನು ಎತ್ತಿ ಬಿಸಾಡಿ, ಅದೇ ನೀರಿಗೆ ಎರಡು ಹಿಡಿ ಬ್ಲೀಚಿಂಗ್ ಪೌಡರ್ ಎರಚಿದೆವು. ಕೆಸರು, ಎಲೆ ಇದ್ದಲ್ಲಿ ಕ್ಲೋರಿನ್ ಅವುಗಳಿಗೇ ಖರ್ಚಾಗಿಬಿಡುತ್ತದೆ, ರೋಗಾಣುವನ್ನು ಕೊಲ್ಲಲು ಉಳಿಯುವುದಿಲ್ಲ. ಸಾಲದ್ದಕ್ಕೆ ನಮ್ಮ ಪೌಡರ್ ಹಳೆಯದು, ಬಾಯಿ ಬಿಚ್ಚಿದ ಚೀಲದಲ್ಲಿ ತೇವ ಹೀರಿ ಗಂಟು ಕಟ್ಟಿತ್ತು. ಎರಡನೆಯ ಸೀಸೆಯೂ ಕಪ್ಪಾಯಿತು.

ಈ ಬರಹ ಬರೆಯುತ್ತಿರುವುದು ಮುಖ್ಯವಾಗಿ ಇದರ ನಂತರ ನಡೆದದ್ದಕ್ಕೆ. ತೋಟದ ಕೆಲಸಕ್ಕೆ ಬರುವ ಅಣ್ಣನೊಬ್ಬರು ಟ್ಯಾಂಕ್ ಖಾಲಿ ಮಾಡಿ, ಏಣಿ ಇಳಿಸಿ, ಒಳಗೆ ಹೋಗಿ ಉಜ್ಜತೊಡಗಿದರು. ಗೋಡೆಗೆಲ್ಲ ಹೊಸ ಬ್ಲೀಚಿಂಗ್ ಪೌಡರ್ ಬಳಿದಿದ್ದರು. ತಳದ ಕಂದು ಕಲೆ ಬಿಡಲಿಲ್ಲ. ‘ಅಕ್ಕಾ, ಬಚ್ಚಲು ತೊಳೆಯುವ ಆ್ಯಸಿಡ್ ಇದೆಯಾ?’ ಎಂದು ಕೇಳಿದರು. ಬಾಟಲಿ ತಂದು ಬಗ್ಗಿ ಅವರ ಕೈಗಿಟ್ಟವಳು ನಾನೇ.

ಹತ್ತು ಎಣಿಸುವಷ್ಟರಲ್ಲಿ ಕೆಮ್ಮು ಶುರುವಾಯಿತು. ಸಾಮಾನ್ಯ ಕೆಮ್ಮಲ್ಲ, ಉಸಿರು ಒಳಕ್ಕೆ ಹೋಗದ ಕೆಮ್ಮು. ಮೇಲೆ ನಿಂತ ನನಗೇ ಕಣ್ಣು ಉರಿಯಿತು. ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಟ್ಯಾಂಕಿನ ತಳದಲ್ಲೇ ನಿಲ್ಲುತ್ತದೆ. ಪುಣ್ಯಕ್ಕೆ ಅವರು ಏಣಿಯ ಮೂರು ಮೆಟ್ಟಿಲು ತಾವಾಗಿ ಹತ್ತಿದರು, ನಮ್ಮವರು ತೋಳು ಹಿಡಿದು ಮೇಲಕ್ಕೆಳೆದರು. ಒಳಗೇ ಕುಸಿದಿದ್ದರೆ ನಮ್ಮವರು ಹಿಂದುಮುಂದು ನೋಡದೆ ಇಳಿಯುತ್ತಿದ್ದರು, ಆಗ ಒಬ್ಬರಲ್ಲ, ಇಬ್ಬರು. ಮಡಿಕೇರಿಯ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಒಂದು ರಾತ್ರಿ ಇರಿಸಿಕೊಂಡರು. ‘ಆ್ಯಸಿಡ್ ಕೊಟ್ಟವರು ಯಾರು?’ ಎಂದು ವೈದ್ಯರು ಕೇಳಿದಾಗ ತಲೆ ಎತ್ತಲಾಗಲಿಲ್ಲ.

ದಯವಿಟ್ಟು ಯಾರನ್ನೂ ಬ್ಲೀಚಿಂಗ್ ಪೌಡರ್ ಕೊಟ್ಟು ಟ್ಯಾಂಕಿನೊಳಗೆ ಇಳಿಸಬೇಡಿ. ಆ್ಯಸಿಡ್ಡಂತೂ ಆ ಕಡೆ ಸುಳಿಯಲೇಬಾರದು. ನಾವು ಆಮೇಲೆ ಮಾಡಿದ್ದು ಹೀಗೆ: ಟ್ಯಾಂಕನ್ನು ಎರಡು ದಿನ ತೆರೆದಿಟ್ಟು, ಉದ್ದ ಕೋಲಿನ ಬ್ರಷ್‌ನಿಂದ ಹೊರಗೆ ನಿಂತೇ ಬರೀ ನೀರಿನಲ್ಲಿ ಉಜ್ಜಿ ಕೆಸರು ಹೊರಹಾಕಿದೆವು. ಪೂರ್ತಿ ತುಂಬಿಸಿ, ಒಂದು ಕಿಲೋ ಹೊಸ ಪೌಡರನ್ನು ಬಕೆಟ್ಟುಗಳಲ್ಲಿ ಕದಡಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನಷ್ಟೇ ಸುರಿದೆವು. ವಾಸನೆ ಬರುವ ತನಕ ನಲ್ಲಿಗಳನ್ನು ಬಿಟ್ಟು, ರಾತ್ರಿಯಿಡೀ ಹಾಗೇ ಇಟ್ಟು, ಬೆಳಗ್ಗೆ ಅಷ್ಟೂ ನೀರನ್ನು ತೋಡಿಗೆ ಸೇರದ ಹಾಗೆ ಹೊರಗೆ ಬಿಟ್ಟೆವು. ಆ ನೀರು ಕುಡಿಯುವುದಕ್ಕಲ್ಲ.

ಈಗ ಮಾಮೂಲಿ ಬಳಕೆಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪೌಡರ್ ಲೆಕ್ಕ, ನಮ್ಮ ಟ್ಯಾಂಕಿಗೆ ಹನ್ನೆರಡೂವರೆ. ಏಲಕ್ಕಿ ತೂಗುವ ಪುಟ್ಟ ತಕ್ಕಡಿ ಮನೆಯಲ್ಲೇ ಇತ್ತು. ಹಾಕಿದ ಮೇಲೆ ಕನಿಷ್ಠ ಅರ್ಧ ಗಂಟೆ ನೀರು ಮುಟ್ಟಬಾರದು, ನಾನು ಒಂದು ಗಂಟೆ ಬಿಡುತ್ತೇನೆ. ನೀರು ಕದಡಿದ್ದರೆ ತಿಳಿಯಾಗುವ ತನಕ ಹಾಕುವುದೇ ಇಲ್ಲ. ಓವರ್‌ಫ್ಲೋ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕಟ್ಟಿದ್ದೇವೆ, ಅದರಿಂದ ಸೊಳ್ಳೆಗೂ ತಡೆ. ಹೊಸ ಮುಚ್ಚಳಕ್ಕೆ ಬೀಗ ಇದೆ. ಆಸ್ಪತ್ರೆಗೆ ಸುರಿದ ಹಣದ ಮುಂದೆ ಅದರ ಬೆಲೆ ಏನೂ ಅಲ್ಲ.

ಮಕ್ಕಳೂ ಅತ್ತೆಯೂ ವಾರದಲ್ಲಿ ಚೇತರಿಸಿಕೊಂಡರು. ಆ ಅಣ್ಣನಿಗೆ ಏರು ಹತ್ತುವಾಗ ಈಗಲೂ ದಮ್ಮು ಕಟ್ಟುತ್ತದೆ, ಕಾಫಿ ಕೊಯ್ಲಿನ ಮೂಟೆ ಹೊರಿಸುವುದನ್ನು ಬಿಟ್ಟಿದ್ದೇವೆ. ಅತ್ತೆ ಮಾತ್ರ ಮಜ್ಜಿಗೆಯ ಲೋಟ ಕೈಗೆ ಕೊಟ್ಟಾಗಲೆಲ್ಲ ಒಂದು ಕ್ಷಣ ತಡೆದು ನನ್ನ ಮುಖ ನೋಡುತ್ತಾರೆ. ‘ಕುದಿಸಿದ್ದೇ, ಅತ್ತೆ’ ಎನ್ನುತ್ತೇನೆ. ಆಮೇಲೆ ಕುಡಿಯುತ್ತಾರೆ.