1 ವೋಲ್ಟ್ ಡಾಂಗಲ್ಲೋ, ಬ್ಯಾಟರಿ ಆಂಪ್ಲಿಫೈಯರೋ?

ಫೋನಿಗೆ ಸಿಕ್ಕಿಸುವ, ಸುಮಾರು 1 ವೋಲ್ಟ್ ನೀಡುವ ಪುಟ್ಟ ಡಾಂಗಲ್ (ಫೋನಿನ ಡಿಜಿಟಲ್ ಸಂಕೇತವನ್ನು ಹೆಡ್‌ಫೋನಿಗೆ ಬೇಕಾದ ವಿದ್ಯುತ್ ಸಂಕೇತವಾಗಿಸುವ ಸಾಧನ) ಮತ್ತು 4 ವೋಲ್ಟ್‌ವರೆಗೆ ಏರಬಲ್ಲ ಬ್ಯಾಟರಿ ಆಂಪ್ಲಿಫೈಯರ್, ಇವೆರಡರ ನಡುವಿನ ಆಯ್ಕೆಯನ್ನು ಆಂಪ್ಲಿಫೈಯರಿನ ಬೆಲೆಯಲ್ಲ, ನಿಮ್ಮ ಹೆಡ್‌ಫೋನಿನ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಮತ್ತು ಸಂವೇದನಶೀಲತೆಗಳೇ (ಕೊಟ್ಟ ವಿದ್ಯುತ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದೇ) ನಿರ್ಧರಿಸಬೇಕು.

ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನಿನ ಇಂಪೀಡೆನ್ಸ್ 300 ಓಮ್. 1 ವೋಲ್ಟ್‌ನಲ್ಲಿ ಅದು ಪಡೆಯುವುದು ಕೇವಲ 3.3 ಮಿಲಿವ್ಯಾಟ್. ಮೆಲುದನಿಯಲ್ಲಿ ಕೇಳುವವರಿಗೆ ಅಷ್ಟು ಸಾಕಾಗಬಹುದಾದರೂ, ಮೃದಂಗದ ಹಠಾತ್ ಪೆಟ್ಟುಗಳು ಒಡೆಯದೆ ಕೇಳಬೇಕೆಂದರೆ ಬ್ಯಾಟರಿ ಆಂಪ್ಲಿಫೈಯರೇ ಮೇಲು.

16 ಓಮ್‌ನ, ಪ್ರತಿ ಮಿಲಿವ್ಯಾಟ್‌ಗೆ 110 ಡೆಸಿಬಲ್ ಹೊಮ್ಮಿಸುವ ಇಯರ್‌ಫೋನಿನ ವಿಷಯ ತದ್ವಿರುದ್ಧ. ಅದೇ 1 ವೋಲ್ಟ್ ಅದಕ್ಕೆ 62.5 ಮಿಲಿವ್ಯಾಟ್ ಕೊಟ್ಟು, ಲೆಕ್ಕದ ಪ್ರಕಾರ 128 ಡೆಸಿಬಲ್ ಮುಟ್ಟಿಸುತ್ತದೆ. ವಾರಕ್ಕೆ 40 ಗಂಟೆ ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್ ಎಂಬುದನ್ನು ನೆನೆದರೆ, ಇಲ್ಲಿ ಡಾಂಗಲ್ಲೇ ಧಾರಾಳ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಆಂಪ್ಲಿಫೈಯರನ್ನೇ ಬಳಸುವುದಾದರೆ ಗೇನ್ (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಆಯ್ಕೆ) ಕೆಳಮಟ್ಟದಲ್ಲಿರಲಿ, ಧ್ವನಿಯನ್ನು ಸೊನ್ನೆಗಿಳಿಸಿ ಹಾಡು ಶುರುವಾದ ಮೇಲಷ್ಟೇ ಕಿವಿಗಿಡಿ. ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ (ಅದರದೇ ಒಳಗಿನ ತಡೆ) ಇಯರ್‌ಫೋನಿನದರ ಎಂಟನೆಯ ಒಂದು ಭಾಗವನ್ನು, ಅಂದರೆ ಇಲ್ಲಿ 2 ಓಮ್ ಅನ್ನು, ಮೀರದಿದ್ದರೆ ನಾದದ ಸಮತೋಲ ಕೆಡದು.

ಬ್ಯಾಟರಿ ಆಂಪ್ಲಿಫೈಯರಿನಲ್ಲಿ 4.4 ಮಿಲಿಮೀಟರಿನ ಬ್ಯಾಲೆನ್ಸ್ಡ್ ಕಿಂಡಿಯೂ (ಎಡಬಲ ಚಾನೆಲ್‌ಗಳಿಗೆ ಪ್ರತ್ಯೇಕ ಋಣ ತಂತಿಗಳಿರುವಂಥದು) ಇದ್ದರೆ, ಸಾಮಾನ್ಯ 3.5 ಮಿಲಿಮೀಟರ್ ಪ್ಲಗ್ಗನ್ನು ಅಡಾಪ್ಟರ್ ಮೂಲಕ ಅದಕ್ಕೆ ಎಂದಿಗೂ ಜೋಡಿಸಬೇಡಿ: ಎಡಬಲ ಚಾನೆಲ್‌ಗಳ ಋಣ ತಂತಿಗಳು ಒಂದಾಗಿ ಆಂಪ್ಲಿಫೈಯರ್ ಸುಟ್ಟುಹೋಗಬಹುದು.